ಮೊದಲ ತುತ್ತು

ಟಿಕ್, ಟಿಕ್, ಟಿಕ್. ಡಬ್ಬಿಗಳ ತಳಕ್ಕೆ ಹಾಸಿದ ಕಾಗದದ ಮೇಲೆ ಮರಿಹುಳುಗಳ ಹಿಕ್ಕೆ ಉದುರುವ ಸದ್ದು. ಉದ್ಯಾನದ ಚಿಟ್ಟೆಮನೆಯ ಹಿಂಬದಿಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹುಳು ಸಾಕುತ್ತಿದ್ದವಳಿಗೆ ಆ ಸದ್ದು ಕೇಳಿದರೇ ಸಮಾಧಾನ. ಎಲ್ಲರೂ ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು.

"ಹುಳದಮ್ಮ, ಮಕ್ಕಳೆಲ್ಲ ಊಟ ಮಾಡಿದ್ವಾ?" ಗೇಟಿನ ಕಾವಲುಗಾರ ಕಿಟಕಿಯಿಂದ ಇಣುಕಿದ.

"ನಿನಗಿಂತ ಮೊದಲೇ ಮಾಡಿವೆ. ನಿನ್ನ ಹಾಗೆ ಉಪ್ಪು ಕಮ್ಮಿ ಅಂತ ತಕರಾರು ತೆಗೆಯಲ್ಲ."

ನಗುತ್ತಲೇ ಹೊಸ ನಿಂಬೆ ಗಿಡಗಳ ಸಾಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

ಹನ್ನೆರಡೂ ಗಿಡ ಅವಳ ಅಕ್ಕನ ನರ್ಸರಿಯಿಂದ ಬಂದವು. "ಹುಳ ಸಾಯೋ ಔಷಧಿ ಹಾಕಿಲ್ಲ ತಾನೆ?" ಎಂದು ಉದ್ಯಾನದ ಸಾಹೇಬರು ಅನುಮಾನಿಸಿದ್ದರು. "ನಮ್ಮಕ್ಕ ಸರ್. ಅವಳ ಮಾತಿಗೆ ನಾನು ಹೊಣೆ" ಎಂದಿದ್ದಳು ಇವಳು.

ಚಿಟ್ಟೆಗಳೂ ಆ ಗಿಡಗಳನ್ನು ನಂಬಿದ್ದವು. ಮುಂಗಾಲಿನಿಂದ ಎಲೆ ತಟ್ಟಿ ತಟ್ಟಿ ರುಚಿ ನೋಡಿ, ನಿಂಬೆಯೇ ಹೌದೆಂದು ಖಾತ್ರಿಯಾದ ಮೇಲೆ ಚಿಗುರಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಹಾರಿಹೋಗಿದ್ದವು. ಚಿಟ್ಟೆ ಮತ್ತೆ ತಿರುಗಿ ಬರುವುದಿಲ್ಲ. ಅದರ ತಾಯ್ತನವೆಲ್ಲ ಎಲೆ ಆರಿಸುವುದರಲ್ಲೇ ಮುಗಿಯುತ್ತದೆ.

ಅವಳು ಭೂತಕನ್ನಡಿ ಹಿಡಿದು ನೋಡಿದಳು. ಮೊಟ್ಟೆಯೊಡೆದ ಮರಿಗಳು ತಮ್ಮ ಸಿಪ್ಪೆಯನ್ನು ಚೊಕ್ಕಟವಾಗಿ ತಿಂದಿದ್ದವು. ಪಕ್ಕದಲ್ಲಿ ಎಲೆಗೆ ಸೂಜಿ ಚುಚ್ಚಿದಷ್ಟು ತೂತು. ತೂತಿನ ಬದಿಯಲ್ಲೇ ಮರಿ ಮುರುಟಿ ಬಿದ್ದಿತ್ತು. ಒಂದಲ್ಲ, ಎಲ್ಲವೂ. ಇರುವೆ ಹಿಡಿದಿದ್ದರೆ ಹೆಣ ಉಳಿಯುತ್ತಿರಲಿಲ್ಲ. ತಾಯಿ ಬಿಟ್ಟುಹೋದ ಸಿಪ್ಪೆ ತಿಂದಾಗ ನೆಟ್ಟಗಿದ್ದವು, ಎಲೆಯ ಮೊದಲ ತುತ್ತಿಗೇ ಸತ್ತಿದ್ದವು.

ಇನ್ನೂ ನಲವತ್ತೊಂದು ಮೊಟ್ಟೆ ಉಳಿದಿದ್ದವು. ಕಪ್ಪಗಾಗಿದ್ದವು, ಸಂಜೆಯೊಳಗೆ ಒಡೆಯುತ್ತವೆ. ಹಳೆಯ ಗಿಡಗಳೆಲ್ಲ ದೊಡ್ಡ ಹುಳುಗಳ ಬಾಯಿಗೆ ಸಿಕ್ಕಿ ಬೋಳಾಗಿದ್ದವು. ಬೇರೆ ಎಲೆ ಬೇಕು, ಈಗಲೇ ಬೇಕು. ಅಕ್ಕನ ನರ್ಸರಿ ಎರಡೇ ಬೀದಿ ಆಚೆ.

ಅಕ್ಕ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. "ಏನೇ ಪುಟ್ಟಿ, ಈ ಹೊತ್ನಲ್ಲಿ? ಹುಳಗಳು ನಿಂಗೆ ರಜಾ ಕೊಟ್ವಾ?"

"ಅಕ್ಕ, ಆ ಗಿಡಗಳಿಗೆ ಏನು ಹಾಕಿದ್ದೆ?"

"ಏನೂ ಇಲ್ಲ ಅಂತ ಆವತ್ತೇ ಹೇಳಿದ್ನಲ್ಲ."

ನರ್ಸರಿಗೆ ಅಂಟಿಕೊಂಡಿದ್ದ ಅಕ್ಕನ ಅಡುಗೆಮನೆಯ ಬಾಗಿಲ ಪಕ್ಕ ಕುಂಡದಲ್ಲಿ ಇನ್ನೊಂದು ನಿಂಬೆ ಗಿಡವಿತ್ತು. ಅರ್ಧ ಎಲೆಗಳ ಅಂಚನ್ನು ಏನೋ ಮೇಯ್ದುಹೋಗಿತ್ತು. ಕೊಂಬೆಯ ಮೇಲೆ ಹಸಿರು ಹುಳುವೊಂದು ಕೊಬ್ಬಿ ಕೂತಿತ್ತು.

"ಇದಕ್ಕೆ?"

"ಅಯ್ಯೋ, ಮನೇದಕ್ಕೆ ಯಾರಾದ್ರೂ ಹಾಕ್ತಾರಾ? ಮೊಮ್ಮಕ್ಕಳು ಕಿತ್ತು ಬಾಯಿಗಿಟ್ಕೊಳ್ತವೆ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅಕ್ಕ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ಔಷಧಿ ಹಾಕಿದ್ದು ಒಂದೇ ಒಂದು ಸಲ ಕಣೇ, ಬುಡಕ್ಕೆ. ಎಲೆ ತೂತಾಗಿದ್ರೆ ನಿಮ್ಮೋರು ತಗೋತಿದ್ರಾ?"

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಸಾಹೇಬ್ರ ಮುಂದೆ ನಂಗೋಸ್ಕರ ಹೊಣೆ ನಿಲ್ತಿದ್ಯಾ? ಅದಕ್ಕೇ ಹೇಳಲಿಲ್ಲ."

ಅಮ್ಮ ತೀರಿಕೊಂಡಾಗ ಇವಳಿಗೆ ನಾಲ್ಕು ವರ್ಷ. ನಿದ್ದೆಗಣ್ಣಲ್ಲಿ ಅಕ್ಕ ಬಾಯಿಗಿಟ್ಟಿದ್ದನ್ನು ಏನೆಂದು ಕೇಳದೆ ನುಂಗಿ ಬೆಳೆದವಳು. ಅಕ್ಕ ಸುಳ್ಳು ಹೇಳಿದ್ದಕ್ಕಿಂತ, ಇವಳ ನಂಬಿಕೆಯನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದಳಲ್ಲ, ಅದೇ ಹೆಚ್ಚು ಚುಚ್ಚಿತು.

"ಹುಳ ತಾನೆ ಪುಟ್ಟಿ! ನಿನ್ನ ಜಡೆ ಹೆಣೆದು ದೊಡ್ಡವಳನ್ನ ಮಾಡಿದ್ದು ನಾನು. ಹುಳಕ್ಕೋಸ್ಕರ ಮುಖ ಊದಿಸ್ಕೊಳ್ತೀಯಾ?"

ಅವಳು ಬಗ್ಗಿ, ಆ ಕುಂಡವನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡಳು.

"ಅದನ್ನೆಲ್ಲಿಗೆ ಹೊತ್ಕೊಂಡು ಹೊರಟೆ? ಆಯ್ತು, ತಗೊಂಡು ಹೋಗು, ಯಾರು ಬೇಡ ಅಂದ್ರು? ಆದ್ರೆ ನಿಮ್ಮ ಸಾಹೇಬ್ರು ಕೇಳಿದ್ರೆ ಏನು ಹೇಳ್ತೀಯ? ನನ್ನ ಹೆಸರು ಎತ್ತಲ್ಲ ತಾನೆ? ಏಯ್, ನಿನ್ನನ್ನೇ ಕೇಳ್ತಿರೋದು, ಪುಟ್ಟಿ..."

ಅವಳು ಆಗಲೇ ಗೇಟು ದಾಟಿ ಬೀದಿಗಿಳಿದಿದ್ದಳು. ಕೊಂಬೆಯ ಹುಳು ಜಾರಿ ಬೀಳದಂತೆ ಒಂದು ಕೈ ಅಡ್ಡ ಹಿಡಿದು, ಬಿರಬಿರನೆ ನಡೆದಳು.