ಎಂಜಲು ಹೇಳದೆ ಬಿಟ್ಟದ್ದು

ಸ್ನಾನ ಮಾಡುವಾಗ ನನ್ನ ಹೆಂಡತಿ ವಿನಯಾಳ ಬೆರಳಿಗೆ ಎಡ ಸ್ತನದಲ್ಲಿ ಒಂದು ಗಂಟು ಸಿಕ್ಕಿತು. ನೋವಿರಲಿಲ್ಲ. ನನ್ನ ಮುಖ ನೋಡಿ ಅವಳೇ ನಕ್ಕಳು.

“ಸುಮ್ಮನೆ ಹೆದರ್ಬೇಡಿ ಮಾರಾಯ್ರೆ. ನಂದು ಜೆನೆಟಿಕ್ ರಿಪೋರ್ಟ್ ಕ್ಲೀನ್ ಉಂಟಲ್ಲ!”

ನಾವಿರುವ ಬಂಗಾಳಿ ಮಹಾನಗರದ ಸೆಕ್ಟರ್ ಫೈವ್‌ನ ಅವಳ ಆಫೀಸಿನಲ್ಲಿ ಮಹಿಳಾ ದಿನಕ್ಕೆ ಒಂದು ಕಿಟ್ ಕೊಟ್ಟಿದ್ದರು. ಟ್ಯೂಬಿಗೆ ಎಂಜಲು ತುಂಬಿ ಕಳಿಸಿದರೆ ರಿಪೋರ್ಟ್ ಮೊಬೈಲಿಗೇ ಬರುತ್ತದೆ. ಸ್ತನ ಕ್ಯಾನ್ಸರ್ ಎಂಬಲ್ಲಿ ಹಸಿರು ಗುರುತಿತ್ತು.

ಕಸ್ಬಾದ ನಮ್ಮ ಮನೆ ಹತ್ತಿರದ ಲೇಡಿ ಡಾಕ್ಟರ್ ಸೇನ್ ಗಂಟನ್ನು ಮುಟ್ಟಿ ನೋಡಿದರು. ವಿನಯಾ ಮೊಬೈಲ್ ಮುಂದೆ ಹಿಡಿದಳು. ಅವರು ತುಸು ಹೊತ್ತು ರಿಪೋರ್ಟನ್ನು ಮೇಲೆ ಕೆಳಗೆ ಸರಿಸಿದರು. ಫ್ಯಾಮಿಲಿಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು.

“ಯಾರಿಗೂ ಇಲ್ಲ” ಎಂದಳು. ನಾನೂ ತಲೆಯಾಡಿಸಿದೆ.

“ಹಾರ್ಮೋನಿನ ಗಂಟಿರಬಹುದು. ಮುಂದಿನ ಮುಟ್ಟು ಮುಗಿದ ಮೇಲೆ ಬನ್ನಿ.”

ಹೋಗಲಿಲ್ಲ. ದುರ್ಗಾಪೂಜೆ ಬಂತು, ಪಂಡಾಲು ಸುತ್ತಿದೆವು. ನಾನು ನೆನಪಿಸಿದರೆ “ನೀವು ಎಂತ, ಡಾಕ್ಟರಾ?” ಎಂದು ಹಂಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿದ್ದಾಗ ಡಾಕ್ಟರ್ ಸೇನ್ ಅವರೇ ಫೋನ್ ಮಾಡಿದರು.

“ಶೆಟ್ಟಿಬಾಬು, ನಿಮ್ಮ ಹೆಂಡತಿ ಫೋನ್ ಎತ್ತುತ್ತಿಲ್ಲ. ಇವತ್ತೇ ಕರೆದುಕೊಂಡು ಬನ್ನಿ.”

ಅರ್ಧ ದಿನ ರಜೆ ಹಾಕಿ ಹೊರಟೆ.

ಕ್ಲಿನಿಕ್ಕಿನಲ್ಲಿ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. “ಈಗೀಗ ತುಂಬ ಜನ ಇಂಥ ರಿಪೋರ್ಟ್ ತರುತ್ತಾರೆ. ನಾನು ಓದುವಾಗ ಇದೆಲ್ಲ ಇರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಹಸಿರು ಗುರುತನ್ನೇ ನಂಬಿಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ, ಜೆನೆಟಿಕ್ಸ್ ಬಲ್ಲ ಗೆಳತಿಯನ್ನು ಕೇಳಿದೆ. ಈ ಕಿಟ್ ಕೆಲವೇ ಜೀನ್ ದೋಷಗಳನ್ನು ಹುಡುಕುತ್ತದಂತೆ. ಉಳಿದವನ್ನು ನೋಡುವುದೇ ಇಲ್ಲ.” ಆಮೇಲೆ ಕೇಳಿದರು, “ತಂದೆಯ ಕಡೆ ಯಾರಿಗಾದರೂ?”

“ಅಪ್ಪನ ತಂಗಿ ಅದರಲ್ಲೇ ಹೋದರು. ಅವರ ದೊಡ್ಡ ಮಗಳಿಗೂ ಬಂದಿತ್ತು” ಎಂದಳು ವಿನಯಾ, ಸಹಜವಾಗಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಯಾರಿಗೂ ಇಲ್ಲ ಅಂದಿದ್ದಿರಲ್ಲ?”

“ಅವರು ಬೇರೆ ಕುಟುಂಬ ಅಲ್ಲವಾ?”

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಬಂಟರಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು. ಸೂತಕ, ತರವಾಡು ಎನ್ನುವ ಹಿರಿಯರ ಮನೆ, ದೈವದ ಕೋಲ ಎಲ್ಲವೂ ಆ ದಾರಿಯಲ್ಲೇ ಬರುತ್ತವೆ. ಸೋದರತ್ತೆ ಎಷ್ಟೇ ಆಪ್ತಳಾದರೂ ಬೇರೆ ಕುಟುಂಬದವಳು. ಅಪ್ಪನಿಂದಲೂ ಈ ಕಾಯಿಲೆ ಇಳಿದು ಬರಬಹುದೆಂದು ನನಗೂ ಹೊಳೆದಿರಲಿಲ್ಲ.

ಬಯಾಪ್ಸಿ ಆಯಿತು.

ಕ್ಯಾನ್ಸರ್.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಮಾಡಿದ ಜೆನೆಟಿಕ್ ಟೆಸ್ಟಿನಲ್ಲಿ ಆ ಕಿಟ್ ನೋಡದೆ ಬಿಟ್ಟ ದೋಷ ಸಿಕ್ಕಿತು. ಸರ್ಜರಿ ಮುಗಿದಿದೆ. ಕೀಮೋ ನಡೆಯುತ್ತಿದೆ. ಹರಡಿಲ್ಲ ಎಂದಿದ್ದಾರೆ. ಆದರೂ ಪಂಡಾಲಿನ ದೀಪಗಳ ಕೆಳಗೆ ಅವಳು ಎಗ್‌ರೋಲ್ ತಿನ್ನುತ್ತ ನಗುತ್ತಿದ್ದಾಗ ಒಳಗೆ ಅದು ಬೆಳೆಯುತ್ತಿತ್ತು ಎಂಬುದನ್ನು ಈಗಲೂ ಮರೆಯಲಾಗುತ್ತಿಲ್ಲ. ಡಾಕ್ಟರಿಗೆ ತಮ್ಮ ತಪ್ಪು ಒಪ್ಪಿಕೊಳ್ಳುವ ಮನಸ್ಸಾಗದೆ ಇದ್ದಿದ್ದರೆ?

ನಿನ್ನೆ ವಿನಯಾ ಆ ಸೋದರತ್ತೆಯ ಕಿರಿಯ ಮಗಳಿಗೆ ಫೋನ್ ಮಾಡಿದಳು. ವಿಷಯ ಕೇಳಿ ಮಂಗಳೂರಿನಲ್ಲಿ ಆ ಹುಡುಗಿ ಅಳತೊಡಗಿದಳು.

“ಅಳುದು ಆಮೇಲೆ ಮಾರಾಯ್ತಿ. ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಕೊಡು.”

ಕೂದಲಿಲ್ಲದ ತಲೆಗೆ ಹತ್ತಿ ಬಟ್ಟೆ ಸುತ್ತಿಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಆ ಕಡೆಯಿಂದ ಆಯ್ತು ಅನ್ನುವವರೆಗೂ ಫೋನ್ ಇಡಲಿಲ್ಲ.