ಸುಣ್ಣದ ಡಬ್ಬಿಯಲ್ಲಿ ಲೆನ್ಸ್

ಇದನ್ನು ಹುಳು ಮನೆಯಿಂದ ಶುರು ಮಾಡಬಹುದು. ಹಾಗೆ ಮಾಡಿದರೆ ಎಲ್ಲವೂ ರೇಷ್ಮೆ ಹುಳುವಿನ ತಪ್ಪು ಎಂದಾಗಿಬಿಡುತ್ತದೆ. ಆದ್ದರಿಂದ ಅಂಗಡಿಯಿಂದ ಶುರು ಮಾಡುತ್ತೇನೆ.

ಚನ್ನಪಟ್ಟಣದ ಹೆದ್ದಾರಿಯಲ್ಲಿ ಬೊಂಬೆ ಅಂಗಡಿಗಳ ಸಾಲು ಮುಗಿಯುವ ಕಡೆ ಮದುವೆ ಫೋಟೋ ತೆಗೆಯುವವನೊಬ್ಬ ಹಳೆಯ ಲೆನ್ಸುಗಳನ್ನೂ ಮಾರುತ್ತಾನೆ. ನನ್ನ ತಮ್ಮ ಕೊಟ್ಟಿದ್ದ ಕ್ಯಾಮೆರಾಕ್ಕೆ ಲೆನ್ಸೇ ಇರಲಿಲ್ಲ. ಒಂದು ಬೆಳೆಯ ರೇಷ್ಮೆ ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಬೆಳೆಯ ಮರಿಹುಳು ಬರುವ ತನಕ, ನಮ್ಮಂಥ ಮನೆಗಳಿಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಕಾರವಾರಕ್ಕೆ ಹೋಗುವುದೆಂದು ನಾನೂ ಕಾಲೇಜಿನ ಗೆಳತಿಯೊಬ್ಬಳೂ ರೈಲಿನ ಟಿಕೆಟ್ ಮಾಡಿಸಿದ್ದೆವು. ಮದುವೆಯಾದ ಮೇಲೆ ಮನೆಯವರ್‍ಯಾರೂ ಜೊತೆಗಿಲ್ಲದೆ ನಾನು ಹೊರಡಲಿದ್ದ ಮೊದಲ ಪ್ರಯಾಣ. ಹೋಗಲೇಬೇಕಿತ್ತು.

ಕೈಯಲ್ಲಿದ್ದ ಹಣಕ್ಕೆ ಒಂದೇ ಲೆನ್ಸ್ ಬರುತ್ತಿತ್ತು. ಅಂಗಡಿಯವನು ಗಾಜಿನ ಮೇಲೆ ಎರಡು ಇಟ್ಟ. ಒಂದು ಪುಟ್ಟದು, ಒಂದೇ ಅಳತೆಯದು, ಕತ್ತಲಲ್ಲೂ ಚೆನ್ನಾಗಿ ಕಾಣುವಂಥದು. ಇನ್ನೊಂದು ಜೂಮ್, ಉಂಗುರ ತಿರುಗಿಸಿದರೆ ಇಡೀ ಕಡಲತೀರವೂ ಹಿಡಿಯುತ್ತದೆ, ದೂರದ ದೋಣಿಯೂ ಹತ್ತಿರ ಬರುತ್ತದೆ. ಆದರೆ ಬೆಳಕು ಕಡಿಮೆಯಾದರೆ ಮಂಕು.

"ಚಿಕ್ಕದೇ ತಗಳಿ ಮೇಡಂ. ಫೋಟೋ ಸಕತ್ತಾಗಿ ಬತ್ತದೆ. ಜೂಮ್ ತಗಂಡೋರು ಜೂಮ್ ತಿರುಗಿಸ್ತಾನೇ ಇರ್ತಾರೆ, ಫೋಟೋನೇ ಹೊಡಿಯಲ್ಲ."

ಅವನು ಹೇಳಿದ್ದು ಸರಿಯೇ ಇತ್ತು. ಆದರೂ ನಾನು ಜೂಮ್ ತೆಗೆದುಕೊಂಡೆ. ಮನೆಯಲ್ಲಿ ದಿನವೂ ತೋಳುದ್ದದಲ್ಲಿ ಹಿಪ್ಪುನೇರಳೆ ಸೊಪ್ಪು, ತೋಳುದ್ದದಲ್ಲಿ ಹುಳು. ಒಂದೇ ದೂರದಿಂದ ಜಗತ್ತನ್ನು ನೋಡಿ ನನಗೆ ಸಾಕಾಗಿತ್ತು. ಇಷ್ಟು ಚಂದದ ಮಾತು ಅಂಗಡಿಯಲ್ಲೇ ಹೊಳೆದಿತ್ತೆಂದು ನಾನು ನಂಬುವುದಿಲ್ಲ. ಬಹುಶಃ ಎರಡರಲ್ಲಿ ಅದು ದೊಡ್ಡದಾಗಿ ಕಂಡಿತು, ಅಷ್ಟೇ.

ಅಂಗಡಿಯವನು ಲೆನ್ಸನ್ನು ಬಲ್ಬಿಗೆ ಹಿಡಿದು ಒಳಗೆ ಬೂಷ್ಟಿನ ಎಳೆ ಇಲ್ಲವೆಂದು ತೋರಿಸಿದ. ನಮ್ಮದು ಹುಳು ಸಾಕುವ ಮನೆ ಎಂದಾಗ ಹಣೆ ಚಚ್ಚಿಕೊಂಡ. "ಅಯ್ಯೋ, ಥಂಡಿ ಜಾಗ! ಬೂಷ್ಟು ಹಿಡ್ಕಬುಟ್ರೆ ಲೆನ್ಸ್ ಹೋದಂಗೇ. ಒಣಗಿದ ಜಾಗದಾಗೆ ಮಡಗಿ."

ಒಣಗಿದ ಜಾಗ ಎಲ್ಲಿಂದ ತರಲಿ? ನಮ್ಮ ಮಲಗುವ ಕೋಣೆಗೂ ಹುಳು ಮನೆಗೂ ಒಂದೇ ಗೋಡೆ. ಆ ಗೋಡೆಯೂ ಬೆವರುತ್ತದೆ. ಲೆನ್ಸನ್ನು ಬೀರುವಿನಿಂದ ಅಟ್ಟಕ್ಕೆ, ಅಟ್ಟದಿಂದ ಅಡುಗೆಮನೆಗೆ ಹೊತ್ತು ತಿರುಗುತ್ತ ಬೂಷ್ಟು ಬೂಷ್ಟು ಎಂದು ಗೊಣಗುತ್ತಿದ್ದೆ. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಅದರಡಿಯ ಸೊಪ್ಪಿನ ಹಾಸಿಗೆಯ ತೇವ ಆರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುವುದು ವಾಡಿಕೆ. ಆಗ ಮನೆಯಲ್ಲಿದ್ದ ಬೆಳೆ ಕೊನೆಯ ಜ್ವರಕ್ಕೆ ಕೂತ ದಿನ ಅತ್ತೆ ಹುಳುವಿಗೆ ಸುಣ್ಣ ಉದುರಿಸಿ, ಉಳಿದದ್ದನ್ನು ಒಂದು ಡಬ್ಬಿಗೆ ಸುರಿದು, ನನ್ನ ಲೆನ್ಸನ್ನು ಅದರೊಳಗೆ ಹೂತಿಟ್ಟರು.

"ಬೂಷ್ಟು ಬತ್ತದೆ ಅಂತ ಒದ್ದಾಡ್ತಿದ್ಯಲ್ಲ, ಸುಣ್ಣದಾಗೆ ಮಡಗಿವ್ನಿ ಕಣವ್ವಾ. ಇನ್ನೊಂದ್ ವರ್ಷ ಆದ್ರೂ ಬರಲ್ಲ."

ನಾನು ತೆಗೆದೆ. ಉಂಗುರ ತಿರುಗಿಸಬಾರದಿತ್ತು, ತಿರುಗಿಸಿದೆ. ಲೆನ್ಸಿನ ಕೊಳವೆ ಸುಣ್ಣದ ಪುಡಿಯನ್ನು ಒಳಕ್ಕೆ ಎಳೆದುಕೊಂಡು, ಕರಕರ ಎಂದು ಉದ್ದಕ್ಕೆ ಚಾಚಿ, ಅಲ್ಲೇ ನಿಂತುಬಿಟ್ಟಿತು. ದೂರದ್ದನ್ನು ಹತ್ತಿರ ತರುವ ತುದಿಯಲ್ಲಿ. ಮತ್ತೆ ಹಿಂದಕ್ಕೆ ಬರಲಿಲ್ಲ.

ಅತ್ತೆ ಆಗ ಏನು ಮಾಡಿದರು? ಕಣ್ಣೊರೆಸಿಕೊಂಡರು ಎಂದು ಒಮ್ಮೆ ಬರೆದೆ, ನಕ್ಕರು ಎಂದು ಇನ್ನೊಮ್ಮೆ. ಎರಡನ್ನೂ ಹೊಡೆದುಹಾಕಿದ್ದೇನೆ. "ಹುಳಕ್ಕೆ ಆಯ್ತದೆ, ಇದಕ್ಕೆ ಯಾಕಾಗಲ್ಲ?" ಎಂದು ಕೇಳಿದ್ದು ಮಾತ್ರ ನಿಜ. ಬೈಯುವಂತಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ನನ್ನ ವಸ್ತುವನ್ನು ತಮ್ಮ ಹುಳುವಿನಷ್ಟೇ ಜೋಪಾನ ಮಾಡಿದ್ದರು. ಅದಕ್ಕೆ ಏನೆಂದು ಬೈಯುವುದು?

ಅಂಗಡಿಯವನು ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಇದೇನ್ ಮೇಡಂ, ಹಬ್ಬಕ್ಕೆ ಸುಣ್ಣ ಹೊಡೆದ್ರಾ?" ಬಿಚ್ಚಿ ತೊಳೆಯುವುದಕ್ಕಿಂತ ಇನ್ನೊಂದು ಕೊಳ್ಳುವುದೇ ಅಗ್ಗ ಎಂದ. ಇನ್ನೊಂದು ಕೊಳ್ಳುವ ಮಾತಿರಲಿಲ್ಲ. ಇರುವ ಹಾಗೇ ತೆಗೆದುಕೊಂಡು ಹೋಗುತ್ತೇನೆ, ಬರೀ ದೋಣಿ ತೆಗೆಯುತ್ತೇನೆ ಎಂದು ಮಾಗಡಿ ಬಸ್ಸಿನಲ್ಲಿ ವಾಪಸ್ ಬರುತ್ತ ಲೆಕ್ಕ ಹಾಕಿದೆ. ಕಿಟಕಿಯಾಚೆ ಬಂಡೆ ಬೆಟ್ಟಗಳು. ಕ್ಯಾಮೆರಾದಲ್ಲಿ ನೋಡಿದರೆ ಬೆಟ್ಟವಿಲ್ಲ, ಬಂಡೆಯ ಒಂದು ಕಲೆ ಮಾತ್ರ.

ಅಷ್ಟರಲ್ಲಿ ಮೋಡ ಕವಿದು ಚಳಿ ಹಿಡಿಯಿತು. ಚಳಿಗೆ ಹುಳು ಮೇವು ತಿನ್ನುವುದು ನಿಧಾನ, ಮೈಯಲ್ಲಿ ನೂಲು ತುಂಬಿ ಹಣ್ಣಾಗುವುದೂ ನಿಧಾನ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಯ ತಟ್ಟೆಗೆ ಬಿಟ್ಟರೇ ಅದು ಗೂಡು ಕಟ್ಟುವುದು; ಆ ಹೊತ್ತು ಮೀರಿದರೆ ನೂಲು ಕಂಡಲ್ಲಿ ಚೆಲ್ಲಿ ಹಾಳು. ಊರಿನ ಎಲ್ಲ ಮನೆಗಳ ಹುಳುವೂ ತಡವಾಯಿತು, ಎಲ್ಲವೂ ಒಟ್ಟಿಗೆ ಹಣ್ಣಾಗುವಂತಾಯಿತು. ನನ್ನ ಕೈಗೆ ಬದಲು ಇನ್ನೊಂದು ಕೈ ಎಲ್ಲೂ ಸಿಗಲಿಲ್ಲ. ನಮ್ಮ ಹುಳು ಹಣ್ಣಾಗುವುದು ರೈಲಿನ ದಿನಕ್ಕೇ ಬಂದು ಕೂತಿತು.

"ಒಂದು ದಿನ ಮುಂಚೆ ಆಗಿದ್ದರೆ," ಎಂದೆ ಗಂಡನಿಗೆ.

"ಹುಳ ಏನು ಕ್ಯಾಲೆಂಡರ್ ನೋಡ್ಕಂಡು ಹಣ್ಣಾಯ್ತವಾ? ಹೋಗೋದಾದ್ರೆ ಹೋಗು. ನಾನೇನ್ ಹಗ್ಗ ಹಾಕಿ ಕಟ್ಟಿವ್ನಾ?"

ಕಟ್ಟಿರಲಿಲ್ಲ. ಎಲ್ಲಿಯಾದರೂ ಗಂಟು ಇದ್ದರೆ ಬಿಚ್ಚಲು ಉಗುರನ್ನಾದರೂ ಹಾಕಬಹುದಿತ್ತು.

ರೈಲಿನ ದಿನ ಬೆಳಿಗ್ಗೆ ಹುಳು ಮನೆಯಲ್ಲಿ ಅತ್ತೆ ಹಣ್ಣು ಹುಳು ಆರಿಸುತ್ತಿದ್ದರು. ಗೆಳತಿ ಸ್ಟೇಷನ್ನಿನಿಂದ ಫೋನ್ ಮಾಡಿದಳು: "ಹೊರಟೆಯಾ?" ಸ್ವಲ್ಪ ತಡಿ ಎಂದೆ. ಯಾಕೆ ಹಾಗೆಂದೆನೋ. ಬ್ಯಾಗು ತುಂಬಿತ್ತು, ಕ್ಯಾಮೆರಾ ಕೊರಳಲ್ಲಿತ್ತು. ಅತ್ತೆಯ ಒಂದು ಫೋಟೋ ತೆಗೆದು ಹೊರಡುವುದೆಂದು ಬಾಗಿಲಲ್ಲಿ ನಿಂತೆ. ಲೆನ್ಸಿನಲ್ಲಿ ಬರೀ ಬೆರಳುಗಳು. ಅಂಗಳಕ್ಕೆ ಇಳಿದೆ, ಕಿವಿಯೋಲೆ, ಅರ್ಧ ಕೆನ್ನೆ. ಹಿಪ್ಪುನೇರಳೆ ಸಾಲಿನ ತನಕ ಹಿಂದೆ ಸರಿದೆ. ಬಾಗಿಲ ಚೌಕಟ್ಟಿನೊಳಗೆ ಅತ್ತೆ ಇಡಿಯಾಗಿ ಬಂದರು. ಇನ್ನೂ ಸರಿದಿದ್ದರೆ ರಸ್ತೆ, ಬಸ್ಸು.

"ಎಷ್ಟ್ ದೂರ ಹೋಯ್ತೀಯವ್ವಾ?" ಅತ್ತೆ ಒಳಗಿನಿಂದಲೇ ಕೂಗಿದರು. "ಈ ಮೂಲೆಯವು ಆಗಲೇ ನೂಲು ಬುಡ್ತಾ ಅವೆ, ನನ್ನೊಬ್ಬಳ ಕೈಲಿ ಆಗಲ್ಲ!"

ಫೋನಿನಲ್ಲಿ ಗೆಳತಿಗೆ, ನನ್ನ ಸೀಟಿಗೆ ಯಾರಾದರೂ ಬಂದರೆ ಕೂರಿಸಿಕೋ ಎಂದೆ. ಕೈ ತೊಳೆದು ಒಳಗೆ ಹೋದೆ. ಆ ಫೋಟೋ ಕ್ಲಿಕ್ಕಿಸಿದ್ದೆನೆಂದೇ ತಿಳಿದಿದ್ದೆ. ಕ್ಯಾಮೆರಾದ ಕಾರ್ಡಿನಲ್ಲಿ ಹುಡುಕಿದರೆ ಅಂಥದ್ದೊಂದು ಇಲ್ಲ.