ಭಾವನ ಗಾಡಿಗೆ ಅಕ್ಕನ ಬಿಸಿನೀರು

ನಮ್ಮ ಭಾವನಿಗೆ ಊರಲ್ಲೆಲ್ಲ ಬ್ರೆಡ್ ಭಾವ ಎಂದೇ ಹೆಸರು. ಬೆಳಕು ಹರಿಯುವ ಮುಂಚೆ ಬೇಕರಿಯಲ್ಲಿ ಬ್ರೆಡ್ಡಿನ ಟ್ರೇಗಳನ್ನು ತಮ್ಮ ಪುಟ್ಟ ಲಾರಿಗೆ ಏರಿಸಿ, ಅಂಗಡಿ ಅಂಗಡಿಗೂ ಇಳಿಸುವುದು ಅವರ ಕೆಲಸ. ಮನುಷ್ಯ ಬಂಗಾರ. ಆದರೆ ಮೆಕ್ಯಾನಿಕ್ಕಾದ ಈ ಬಾಮೈದನ ಮಾನ ಕಳೆಯುವುದರಲ್ಲಿ ಎತ್ತಿದ ಕೈ.

ಬಕೆಟ್ಟಿನ ನೀರೂ ಗಡ್ಡೆ ಕಟ್ಟುವ ನಮ್ಮ ಬೆಟ್ಟದೂರಿನ ಆ ಚಳಿಗಾಲದಲ್ಲಿ ಅವರ ಗಾಡಿಯ ಆಕ್ಸಿಲರೇಟರ್ ಕೇಬಲ್ ಅಂಟಿಕೊಳ್ಳತೊಡಗಿತು. ಪೆಡಲ್ ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತಿತ್ತು. ಹೊಸ ಕೇಬಲ್ ಹಾಕಿಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಅದೂ ಅಂಟಿತು. "ಬಾಮೈದನ ಹತ್ರ ಪುಕ್ಕಟೆ ಮಾಡಿಸಿದ್ರೆ ಹೀಗೇ ಆಗೋದು!" ಎಂದು ಬೇಕರಿಯವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕೇಬಲ್ ಬಿಚ್ಚಿ ನೋಡಿದರೆ ಒಳಗೆ ನೀರು ಇಳಿದು, ಹೆಪ್ಪುಗಟ್ಟಿ ಕಲ್ಲಾಗಿದೆ!

"ಭಾವ, ಇದಕ್ಕೆ ನೀರು ಹಾಕ್ತಿರೋರು ಯಾರು?"

"ಮಂಜು ಬೀಳುತ್ತಲ್ಲೋ," ಎಂದು ಭಾವ ಆಕಾಶ ನೋಡಿದರು. ಸುಳ್ಳು ಹೇಳಲು ಬಾರದವರು ನೋಡುವುದು ಆಕಾಶವನ್ನೇ.

ಮರುದಿನ ನಸುಕಿನಲ್ಲೇ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಗಾಡಿಯ ಬಾನೆಟ್ ತೆರೆದಿತ್ತು. ಭಾವ ಟಾರ್ಚ್ ಹಿಡಿದಿದ್ದರು. ಅಕ್ಕ ಬಲಗಾಲು ಎಳೆಯುತ್ತ ಬಂದು, ಎಡಗೈಯಲ್ಲಿ ಕೆಟಲ್ ಬಗ್ಗಿಸಿ ಕೇಬಲ್ ಮೇಲೆ ಬಿಸಿನೀರು ಸುರಿಯುತ್ತಿದ್ದಳು.

ಲಕ್ವ ಹೊಡೆದ ಮೇಲೆ ಅಕ್ಕ ಹಾಸಿಗೆ ಬಿಟ್ಟವಳಲ್ಲ. ಡಾಕ್ಟರು ನಡೆಯಮ್ಮಾ ಎಂದರೂ, ನಾವೆಲ್ಲ ಬೈದರೂ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

ಅವಳು ಒಳಗೆ ಹೋದದ್ದೇ ತಡ, ಭಾವನನ್ನು ಹಿಡಿದುಕೊಂಡೆ. "ಇವತ್ತು ಸುರಿದ ನೀರೇ ನಾಳೆ ಗಡ್ಡೆ ಕಟ್ಟೋದು. ಗೊತ್ತಿಲ್ವಾ ನಿಮಗೆ?"

"ಗೊತ್ತು ಕಣೋ. ಮೊದಲನೇ ಸಲ ಅಂಟಿದಾಗ, ಹಳೇ ಅಭ್ಯಾಸ ನೋಡು, 'ಬಿಸಿನೀರು ತಾರೇ' ಅಂತ ಕೂಗಿಬಿಟ್ಟೆ. ಎದ್ದು ಬಂದೇಬಿಟ್ಲು! ಈಗ ನಾನು ಏಳೋ ಮುಂಚೆನೇ ನೀರು ಕಾಯಿಸಿರ್ತಾಳೆ. ಕೇಬಲ್ ಸರಿಹೋದ್ರೆ ಮತ್ತೆ ಮಲಗಿಬಿಡ್ತಾಳಲ್ಲೋ?"

"ಇಳಿಜಾರಲ್ಲಿ ಪೆಡಲ್ ಸಿಕ್ಕಿಕೊಂಡ್ರೆ?"

"ಬೂಟಿನ ತುದೀಲಿ ಮೇಲೆತ್ತುತ್ತೀನಿ."

"ನಿಮ್ಮ ತಲೆ! ನಿಮಗೇನಾದ್ರೂ ಆದ್ರೆ ಆಮೇಲೆ ಅವಳಿಗ್ಯಾರು?" ಎಂದು ರೇಗಿದೆ. ಬಾಯಿ ಬೈಯುತ್ತಿತ್ತು, ಮನಸ್ಸಿಗೆ ಅವರ ಕಾಲಿಗೆ ಬೀಳಬೇಕೆನಿಸಿತ್ತು.

ಅಂದೇ ಹೊಸ ಕೇಬಲ್ ಹಾಕಿ, ನೀರು ಇಳಿಯದಂತೆ ಅದರ ಬಾಯಿಗೆ ರಬ್ಬರ್ ಟೋಪಿ ಬಿಗಿದೆ. "ಅಕ್ಕಾ, ಇನ್ಮೇಲೆ ಇದಕ್ಕೆ ಒಂದು ಹನಿ ನೀರೂ ಬೀಳಬಾರದು," ಎಂದೆ.

ಅವಳ ಮುಖ ಬಾಡಿತು. "ಹಾಗಾದ್ರೆ ನಾನು..."

"ನಿನಗೆ ಬೇರೆ ಕೆಲಸ ಇದೆ. ದಿನಾ ಇಂಜಿನ್ ಹಚ್ಚೋ ಮುಂಚೆ ನೀನು ಸೀಟಲ್ಲಿ ಕೂತು ಪೆಡಲ್ ಒತ್ತಬೇಕು. ಕೇಬಲ್ ತುದೀಲಿರೋ ಲಿವರ್ ಪೂರ್ತಿ ಹೋಗಿ ವಾಪಸ್ ಬರುತ್ತಾ ಅಂತ ಭಾವ ಮುಂದೆ ನಿಂತು ನೋಡಬೇಕು. ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ."

"ಎಡಗಾಲಲ್ಲಿ ಒತ್ತಲಾ?"

"ಉಹೂಂ, ಬಲಗಾಲಲ್ಲೇ ಒತ್ತಬೇಕು."

ಕೇಬಲ್ಲಿಗೆ ಎಡಗಾಲಾದರೇನು, ಬಲಗಾಲಾದರೇನು! ಈ ಸಲ ಆಕಾಶ ನೋಡಿದವನು ನಾನು.

ಮೊದಮೊದಲು ಲಿವರ್ ಅಲುಗಿದರೆ ಹೆಚ್ಚು. ಆದರೂ ಭಾವ ದಿನವೂ ಬೀದಿಗೆಲ್ಲ ಕೇಳುವಂತೆ, "ಹೋಯ್ತು ಕಣೇ, ಪೂರ್ತಿ ಹೋಯ್ತು!" ಎಂದು ಕೂಗುತ್ತಿದ್ದರು.

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ನಾನೂ ಭಾವನ ಪಕ್ಕ ಬಾನೆಟ್ಟಿನೊಳಗೆ ಬಗ್ಗಿ ನಿಂತಿದ್ದೆ. ಲಿವರ್ ನಡುಗುತ್ತ ಹೊರಟಿತು. ಅರ್ಧ ದಾಟಿತು. ಕೊನೆಗೆ ಹೋಗಿ ಟಕ್ಕೆಂದು ಮುಟ್ಟಿ, ಹಿಂದಕ್ಕೆ ಬಂದಿತು. ಭಾವನ ಬಾಯಿಂದ ಸದ್ದೇ ಇಲ್ಲ. ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡರು. ನನ್ನ ಅವಸ್ಥೆಯೂ ಬೇರೆಯಾಗಿರಲಿಲ್ಲ.

"ಏನ್ರೀ, ಬಾಯಿ ಬಿದ್ದುಹೋಯ್ತಾ?" ಸೀಟಿನಿಂದ ಅಕ್ಕ ಗದರಿದಳು. "ಇಷ್ಟು ದಿನ ಸುಳ್ಳುಸುಳ್ಳೇ ಕೂಗ್ತಿದ್ರಿ. ಇವತ್ತು ನಿಜವಾಗ್ಲೂ ಒತ್ತಿದೀನಿ, ಈಗ ಕೂಗ್ರೀ!"